ಶರಾವತಿಯಲ್ಲಿ ಯಾರ ಬಂಡವಾಳ ಎಷ್ಟು

ಒಂದು ಕಂಪನಿಯ ಬೆಲೆ ಎಷ್ಟೆಂದು ಕೇಳಿದರೆ ಹಣಕಾಸು ಶಾಸ್ತ್ರ ಆ ಕಂಪನಿಯ ಕಟ್ಟಡ, ಯಂತ್ರ, ಭೂಮಿಗಳನ್ನು ಎಣಿಸಲು ಹೊರಡುವುದಿಲ್ಲ. ಅದು ಮುಂದಿನ ವರ್ಷಗಳಲ್ಲಿ ಎಷ್ಟು ನಗದು ತಂದುಕೊಡಬಲ್ಲದು ಎಂಬುದನ್ನು ಅಂದಾಜು ಮಾಡಿ, ಆ ಮುಂದಿನ ಹಣವನ್ನು ಇಂದಿನ ಹಣಕ್ಕೆ ಇಳಿಸಿ ಕೂಡುತ್ತದೆ. ಹತ್ತು ವರ್ಷಗಳ ನಂತರ ಕೈಸೇರುವ ನೂರು ರೂಪಾಯಿ ಇಂದಿನ ನೂರು ರೂಪಾಯಿಗೆ ಸಮವಲ್ಲ, ಏಕೆಂದರೆ ಇಂದಿನ ಹಣವನ್ನು ಬೇರೆಡೆ ಹೂಡಿದ್ದರೆ ಅದು ಅಷ್ಟರಲ್ಲಿ ಬೆಳೆದಿರುತ್ತಿತ್ತು. ಹಾಗೆ ಬೆಳೆಯಬಹುದಾಗಿದ್ದ ದರವೇ ಬಂಡವಾಳದ ವೆಚ್ಚ. ಮುಂದಿನ ಹಣವನ್ನು ಇಂದಿಗೆ ಇಳಿಸುವಾಗ ಬಳಸುವ ಅದೇ ದರವನ್ನು ಡಿಸ್ಕೌಂಟ್ ದರ ಎನ್ನುತ್ತಾರೆ. ಬೆಲೆ ಕಟ್ಟುವವರ ಗಮನವೆಲ್ಲ ಸಾಮಾನ್ಯವಾಗಿ ಮುಂದಿನ ಆದಾಯದ ಅಂದಾಜಿನ ಮೇಲಿರುತ್ತದೆ, ಆದರೆ ಅಂತಿಮ ಅಂಕಿಯನ್ನು ಏರಿಸುವ ಅಥವಾ ಇಳಿಸುವ ಶಕ್ತಿ ಅದಕ್ಕಿಂತ ಹೆಚ್ಚಾಗಿ ಈ ದರಕ್ಕೆ ಇದೆ. ಜಲವಿದ್ಯುತ್ತಿನಲ್ಲಿ ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಕಲ್ಲಿದ್ದಲು ಕೊಳ್ಳುವ ಖರ್ಚಿಲ್ಲ, ಹರಿಯುವ ನೀರಿಗೆ ಬಿಲ್ ಬರುವುದಿಲ್ಲ. ಒಮ್ಮೆ ಅಣೆಕಟ್ಟು ಕಟ್ಟಿ, ಕೊಳವೆ ಇಳಿಸಿ, ಟರ್ಬೈನು ಕೂರಿಸಿದ ಮೇಲೆ ಉಳಿಯುವ ವೆಚ್ಚ ಬಹುಪಾಲು ಹೂಡಿದ ಬಂಡವಾಳದ್ದೇ.

ಈ ವಿಷಯವನ್ನು ಪರೀಕ್ಷಿಸಲು ಶರಾವತಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ಹೊಳೆ ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಂತು, ಜೋಗದ ಬಳಿ ಘಟ್ಟ ಇಳಿದು, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಒಟ್ಟು ಸುಮಾರು 130 ಕಿಲೋಮೀಟರಿನ ಈ ಕಿರುನದಿಯ ಮೇಲೆ ರಾಜ್ಯ ಕಟ್ಟಿದ್ದು ಬಹಳ: 1940ರ ದಶಕದ ಕೊನೆಗೆ ಹಿರೇಭಾಸ್ಕರ ಅಣೆಕಟ್ಟು ಮತ್ತು ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ, 1964ರಲ್ಲಿ ಹಿರೇಭಾಸ್ಕರವನ್ನೂ ತನ್ನೊಳಗೆ ಮುಳುಗಿಸಿಕೊಂಡ ಲಿಂಗನಮಕ್ಕಿ, ಅದರ ನೀರನ್ನು ಬಳಸುವ, ಮೊದಲು 891 ಮೆಗಾವಾಟ್ ಇದ್ದು ಬಳಿಕ ಮೇಲ್ದರ್ಜೆಗೇರಿ 1,035 ಮೆಗಾವಾಟ್ ಆದ ಶರಾವತಿ ವಿದ್ಯುದಾಗಾರ, ಅಣೆಕಟ್ಟಿನ ಬುಡದಲ್ಲಿ 55 ಮೆಗಾವಾಟ್, ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೇಹಕ್ಲು ಅಣೆಕಟ್ಟುಗಳು ತಮ್ಮ ನೀರನ್ನು ಲಿಂಗನಮಕ್ಕಿಗೆ ಕೊಡುತ್ತವೆ. ಅದೇ ತಾಲ್ಲೂಕಿನ ಮಾಣಿ ಜಲಾಶಯದ ನೀರು ಘಟ್ಟದ ಕೆಳಗಿನ 460 ಮೆಗಾವಾಟಿನ ವಾರಾಹಿ ಭೂಗರ್ಭ ವಿದ್ಯುದಾಗಾರವನ್ನು ನಡೆಸುತ್ತದೆ. ಇವೆಲ್ಲವೂ 1970ರಲ್ಲಿ ಮೈಸೂರು ವಿದ್ಯುತ್ ನಿಗಮವಾಗಿ ಹುಟ್ಟಿ ಇಂದು ಕರ್ನಾಟಕ ವಿದ್ಯುತ್ ನಿಗಮ, ಅಂದರೆ ಕೆಪಿಸಿ ಎಂದು ಕರೆಯಲ್ಪಡುವ, ಪೂರ್ತಿ ರಾಜ್ಯ ಸರ್ಕಾರದ ಒಡೆತನದ ಕಂಪನಿಯ ಆಸ್ತಿ.

ಇಂಥ ಕಂಪನಿಗೆ ಹಣ ಎರಡು ಬಗೆಯಲ್ಲಿ ಬರುತ್ತದೆ. ಒಂದು ಸಾಲ, ಅದಕ್ಕೆ ನಿಗದಿತ ಬಡ್ಡಿ. ಲಾಭವಿರಲಿ ನಷ್ಟವಿರಲಿ ಅದನ್ನು ಮೊದಲು ಕೊಡಬೇಕು. ಇನ್ನೊಂದು ಷೇರು ಬಂಡವಾಳ, ಅದಕ್ಕೆ ನಿಗದಿತ ಪ್ರತಿಫಲವಿಲ್ಲ. ಎಲ್ಲರ ಪಾಲು ತೀರಿದ ಮೇಲೆ ಉಳಿದದ್ದು ಷೇರುದಾರನಿಗೆ. ಕೊನೆಗೆ ನಿಂತವನು ಹೆಚ್ಚು ಅಪಾಯ ಹೊರುವುದರಿಂದ ಹೆಚ್ಚು ಪ್ರತಿಫಲ ಬಯಸುತ್ತಾನೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ತನ್ನ ವ್ಯಾಪ್ತಿಯ ಯೋಜನೆಗಳಿಗೆ ಸಾಲ 70 ಪಾಲು, ಷೇರು 30 ಪಾಲು ಎಂಬ ಪ್ರಮಾಣವನ್ನು ಮಾದರಿಯಾಗಿ ಇಟ್ಟುಕೊಂಡಿದೆ, ಮತ್ತು 2014 ಹಾಗೂ 2019ರ ನಿಯಮಾವಳಿಗಳಲ್ಲಿ ನೀರು ಸಂಗ್ರಹಿಸುವ ಜಲವಿದ್ಯುತ್ ಯೋಜನೆಗಳ ಷೇರು ಬಂಡವಾಳಕ್ಕೆ ಶೇ 16.5ರ ಪ್ರತಿಫಲವನ್ನು ಒಪ್ಪಿದೆ. ಸಾಲದ ಬಡ್ಡಿ ಶೇ 9 ಎಂದಿಟ್ಟುಕೊಂಡರೆ ಎರಡರ ಪಾಲುವಾರು ಸರಾಸರಿ ಶೇ 11.25 ಆಗುತ್ತದೆ, ಕೊಟ್ಟ ಬಡ್ಡಿಯನ್ನು ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕುವುದರಿಂದ, ತೆರಿಗೆ ಶೇ 25 ಇದ್ದರೆ ಸಾಲದ ನಿಜವಾದ ಹೊರೆ ಶೇ 6.75ಕ್ಕೆ ಇಳಿದು ಸರಾಸರಿ ಸುಮಾರು ಶೇ 9.7ಕ್ಕೆ ಬರುತ್ತದೆ. ಈ ಸರಾಸರಿಯನ್ನೇ ಕಂಪನಿಯ ಬಂಡವಾಳದ ವೆಚ್ಚವೆಂದು ಹೇಳುವ ರೂಢಿ. ಹಾಗಾದರೆ ಅಗ್ಗದ ಸಾಲವನ್ನೇ ಹೆಚ್ಚಿಸಿ ದುಬಾರಿ ಷೇರನ್ನು ಕಡಿಮೆ ಮಾಡಿದರೆ ವೆಚ್ಚ ಇಳಿಯುವುದಲ್ಲವೇ ಎಂಬ ಪ್ರಶ್ನೆಗೆ ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ಮರ್ಟನ್ ಮಿಲ್ಲರ್ 1958ರಲ್ಲೇ ಉತ್ತರಿಸಿದ್ದರು: ಸಾಲ ಹೆಚ್ಚಿದಷ್ಟೂ ಷೇರುದಾರನ ಅಪಾಯ ಹೆಚ್ಚಿ ಅವನ ನಿರೀಕ್ಷೆಯೂ ಏರುವುದರಿಂದ, ತೆರಿಗೆಯ ಅನುಕೂಲವನ್ನು ಬಿಟ್ಟರೆ ಒಟ್ಟು ವೆಚ್ಚ ಬದಲಾಗುವುದಿಲ್ಲ.

ಷೇರುದಾರ ಎಷ್ಟು ಪ್ರತಿಫಲ ಕೇಳಬೇಕು ಎಂಬುದಕ್ಕೆ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಸೂತ್ರವನ್ನು ವಿಲಿಯಂ ಶಾರ್ಪ್ ಪ್ರಕಟಿಸಿದ್ದು 1964ರಲ್ಲಿ, ಲಿಂಗನಮಕ್ಕಿ ಸಿದ್ಧವಾದ ವರ್ಷದಲ್ಲೇ. ಅದರ ಪ್ರಕಾರ ಪ್ರತಿಫಲದ ತಳಪಾಯ ಸರ್ಕಾರಿ ಬಾಂಡಿನ ಬಡ್ಡಿ, ಅಂದರೆ ಭಾರತದಲ್ಲಿ ಈಚಿನ ವರ್ಷಗಳಲ್ಲಿ ಶೇ 7ರ ಆಸುಪಾಸು. ಅದರ ಮೇಲೆ ಅಪಾಯಕ್ಕೆ ತಕ್ಕ ಹೆಚ್ಚುವರಿ. ಆದರೆ ಎಲ್ಲ ಅಪಾಯಕ್ಕೂ ಹೆಚ್ಚುವರಿ ಸಲ್ಲುವುದಿಲ್ಲ ಎಂಬುದೇ ಈ ಸೂತ್ರದ ಜೀವಾಳ. ಇಡೀ ಷೇರುಪೇಟೆ, ಇಡೀ ಆರ್ಥಿಕತೆ ಏರಿಳಿಯುವಾಗ ಜೊತೆಗೆ ಏರಿಳಿಯುವ ಅಪಾಯವನ್ನು ಮಾತ್ರ ಹೂಡಿಕೆದಾರ ತಪ್ಪಿಸಿಕೊಳ್ಳಲಾರ. ಅದರ ಅಳತೆಗೆ ಬೀಟಾ ಎಂದು ಹೆಸರು. ಒಂದೇ ಕಂಪನಿಗೆ, ಒಂದೇ ಊರಿಗೆ ಸೀಮಿತವಾದ ಅಪಾಯವನ್ನು ಹತ್ತಾರು ಕಡೆ ಹಣ ಹಂಚಿದವನು ನೀಗಿಕೊಳ್ಳಬಹುದಾದ್ದರಿಂದ ಅದಕ್ಕೆ ಪೇಟೆ ಹೆಚ್ಚುವರಿ ಕೊಡುವುದಿಲ್ಲ. ಶರಾವತಿಯ ಮಟ್ಟಿಗೆ ಇದರ ಅರ್ಥ ಗಂಭೀರವಾದದ್ದು. ಅಲ್ಲಿನ ದೊಡ್ಡ ಅಪಾಯ ಮಳೆ. 2023ರ ಬರದ ವರ್ಷ ಜಲಾಶಯ ತುಂಬಲಿಲ್ಲ, ಮರುವರ್ಷ ತುಂಬಿತು. ಘಟ್ಟದ ನೆತ್ತಿಯ ಮೇಲೆ ಜುಲೈನಲ್ಲಿ ಎಷ್ಟು ಮಳೆ ಸುರಿಯಿತು ಎಂಬುದಕ್ಕೂ ಮುಂಬಯಿಯ ಷೇರು ಸೂಚ್ಯಂಕಕ್ಕೂ ನೇರ ನಂಟಿಲ್ಲ. ಆದ್ದರಿಂದ ಮಳೆ ಕೈಕೊಡಬಹುದು ಎಂಬ ಭಯಕ್ಕೆ ಡಿಸ್ಕೌಂಟ್ ದರವನ್ನು ಎರಡು ಮೂರು ಅಂಶ ಏರಿಸುವುದು ತಪ್ಪು. ಬರದ ವರ್ಷ, ಸಾಧಾರಣ ವರ್ಷ, ತುಂಬಿದ ವರ್ಷ ಎಂದು ಬೇರೆ ಬೇರೆ ಅಂದಾಜು ಹಾಕಿ, ಅವುಗಳ ಸರಾಸರಿಯನ್ನು ನಗದಿನ ಸಾಲಿನಲ್ಲಿ ತೋರಿಸುವುದು ಸರಿಯಾದ ಕ್ರಮ. ಅಪಾಯವನ್ನು ಎರಡೂ ಕಡೆ ಎಣಿಸಿದರೆ ಒಂದೇ ಬರಗಾಲಕ್ಕೆ ಎರಡು ಸಲ ದಂಡ ತೆತ್ತಂತೆ.

ಸರ್ಕಾರದ ಕಂಪನಿಗೆ ಹಣ ಅಗ್ಗವಾಗಿ ಸಿಗುವುದರಿಂದ ಅದರ ಬಂಡವಾಳದ ವೆಚ್ಚ ಕಡಿಮೆಯೆಂಬ ನಂಬಿಕೆ ಬಲವಾಗಿ ಬೇರೂರಿದೆ, ಮತ್ತು ಇದನ್ನು ಖಂಡಿತವಾಗಿ ತಳ್ಳಿಹಾಕಬೇಕಾಗಿದೆ. ಬಂಡವಾಳದ ವೆಚ್ಚವನ್ನು ನಿರ್ಧರಿಸುವುದು ಹಣ ಎಲ್ಲಿಗೆ ಹೋಗುತ್ತದೆ ಎಂಬುದೇ ಹೊರತು ಎಲ್ಲಿಂದ ಬಂತು ಎಂಬುದಲ್ಲ. ಸರ್ಕಾರಕ್ಕೆ ಕಡಿಮೆ ಬಡ್ಡಿಗೆ ಸಾಲ ಸಿಗುವುದು ಅದರ ಯೋಜನೆಗಳು ಸುರಕ್ಷಿತವೆಂದಲ್ಲ. ಯೋಜನೆ ಸೋತರೆ ತೆರಿಗೆದಾರ ಭರಿಸುತ್ತಾನೆ ಎಂಬ ಭರವಸೆ ಸಾಲ ಕೊಟ್ಟವನಿಗೆ ಇರುವುದರಿಂದ. ಅಪಾಯ ಕರಗುವುದಿಲ್ಲ, ಹೆಗಲು ಬದಲಾಯಿಸುತ್ತದೆ, ಅಷ್ಟೆ. ಕೆಪಿಸಿಯ ಕೈಯಲ್ಲಿ ಹೊಳೆಯ ಜೊತೆಗೆ 1,720 ಮೆಗಾವಾಟಿನ ರಾಯಚೂರು ಮತ್ತು 1,700 ಮೆಗಾವಾಟಿನ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರಗಳೂ ಇವೆ. ಕಲ್ಲಿದ್ದಲಿನ ಬೆಲೆ, ಸಾಗಣೆ, ಮಾಲಿನ್ಯ ನಿಯಮಗಳ ಅಪಾಯ ಹೊತ್ತ ಆ ಸ್ಥಾವರಗಳಿಗೂ ಲಿಂಗನಮಕ್ಕಿಯ ನೀರಿಗೂ ಒಂದೇ ದರ ಹಾಕಿದರೆ ಎರಡರ ಬೆಲೆಯೂ ಸುಳ್ಳಾಗುತ್ತದೆ. ಭಾಗ ಭಾಗವಾಗಿ, ಆಯಾ ಭಾಗದ ಅಪಾಯಕ್ಕೆ ತಕ್ಕ ದರದಲ್ಲಿ ಬೆಲೆ ಕಟ್ಟಿ, ಕೂಡಿ, ಸಾಲವನ್ನು ಕಳೆದಾಗ ಮಾತ್ರ ಇಂಥ ಕಂಪನಿಯ ಷೇರಿನ ಮೌಲ್ಯ ಸಿಗುತ್ತದೆ. ವಿದ್ಯುತ್ ಸರಬರಾಜು ಕಂಪನಿಗಳು ಕೆಪಿಸಿಗೆ ಉಳಿಸಿಕೊಳ್ಳುವ ಬಾಕಿಯನ್ನೂ ಅಲ್ಲಿ ನೋಡಬೇಕಾಗುತ್ತದೆ, ಏಕೆಂದರೆ ಮಾರಾಟವಾದ ಯೂನಿಟ್ಟಿನ ಹಣ ಎರಡು ವರ್ಷ ತಡವಾಗಿ ಬಂದರೆ ಲೆಕ್ಕಪತ್ರದ ಲಾಭ ಅಷ್ಟೇ ಇದ್ದರೂ ಕಂಪನಿಯ ಬೆಲೆ ಇಳಿದಿರುತ್ತದೆ.

ದರದ ಪ್ರಭಾವವನ್ನು ಅಂಕಿಯಲ್ಲೇ ನೋಡಬಹುದು. ಉದಾಹರಣೆಗಾಗಿ, ಒಂದು ವಿದ್ಯುದಾಗಾರ ವರ್ಷಕ್ಕೆ 500 ಕೋಟಿ ಯೂನಿಟ್ ಉತ್ಪಾದಿಸಿ ಯೂನಿಟ್ಟಿಗೆ ಒಂದು ರೂಪಾಯಿಯಂತೆ 500 ಕೋಟಿ ರೂಪಾಯಿ ಉಳಿಸುತ್ತದೆ, ಇದು 40 ವರ್ಷ ನಡೆಯುತ್ತದೆ ಎಂದಿಟ್ಟುಕೊಂಡರೆ, ಶೇ 8ರ ದರದಲ್ಲಿ ಅದರ ಇಂದಿನ ಮೌಲ್ಯ ಸುಮಾರು 5,960 ಕೋಟಿ, ಶೇ 12ರಲ್ಲಿ ಸುಮಾರು 4,120 ಕೋಟಿ. ಅದೇ ನೀರು, ಅದೇ ಟರ್ಬೈನು, ಅದೇ ಯೂನಿಟ್ಟು. ದರ ನಾಲ್ಕು ಅಂಶ ಏರಿದ್ದಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬೆಲೆ ಕರಗಿತು. ಇನ್ನೊಂದು ಕಡೆ ಲೆಕ್ಕಪತ್ರದಲ್ಲಿ ಬರೆದಿಟ್ಟ ಪುಸ್ತಕ ಮೌಲ್ಯವಿದೆ, ಅಂದರೆ ಹಿಂದೆ ಖರ್ಚಾದ ಹಣದಲ್ಲಿ ವರ್ಷವರ್ಷ ಸವಕಳಿ ಕಳೆದು ಉಳಿದದ್ದು. 1960 ಮತ್ತು 70ರ ದಶಕದ ರೂಪಾಯಿಯಲ್ಲಿ ಕಟ್ಟಿದ ಶರಾವತಿಯ ಮೂಲ ಆಸ್ತಿಗಳ ಸವಕಳಿ ಬಹುಪಾಲು ತೀರಿದೆ. ಆದರೂ ಅಲ್ಲಿಂದ ಬರುವ ವಿದ್ಯುತ್ತು ರಾಜ್ಯದ ಅತಿ ಅಗ್ಗದ ವಿದ್ಯುತ್ತಿನ ಸಾಲಿನಲ್ಲಿದೆ. ಪುಸ್ತಕದಲ್ಲಿ ಬರಿದಾದದ್ದು ಹೊಳೆಯಲ್ಲಿ ಬರಿದಾಗಿಲ್ಲ ಎಂಬುದು ಈ ಕಂಪನಿಯ ಬೆಲೆ ಕಟ್ಟುವ ಯಾರಿಗಾದರೂ ಮೊದಲು ಹೊಳೆಯಬೇಕಾದ ಸಂಗತಿ.

ಇಷ್ಟೆಲ್ಲ ಲೆಕ್ಕದಲ್ಲಿ ಒಬ್ಬ ಹೂಡಿಕೆದಾರ ಕಾಣೆಯಾಗಿದ್ದಾನೆ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಮುನ್ನೂರು ಚದರ ಕಿಲೋಮೀಟರಿಗೂ ಮೇಲೆ ಹರಡಿಕೊಂಡ ಲಿಂಗನಮಕ್ಕಿಯ ಹಿನ್ನೀರಿನ ಕೆಳಗೆ ಗದ್ದೆ, ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಮನೆ, ದೇವಸ್ಥಾನಗಳಿದ್ದವು. ಸಾಲ ಕೊಟ್ಟವನು ಸಿಮೆಂಟಿಗೆ ಹಣ ಕೊಟ್ಟಂತೆ ಮುಳುಗಡೆಯ ಕುಟುಂಬಗಳು ಜಲಾಶಯಕ್ಕೆ ನೆಲ ಕೊಟ್ಟವು, ಮತ್ತು ಸಿಮೆಂಟಿಲ್ಲದೆ ಹೇಗೋ ಹಾಗೆ ಆ ನೆಲವಿಲ್ಲದೆಯೂ ಒಂದು ಯೂನಿಟ್ಟೂ ಹುಟ್ಟುತ್ತಿರಲಿಲ್ಲ. ಆದರೆ ಒಬ್ಬರ ಕೊಡುಗೆ ಬಂಡವಾಳವೆಂದು ದಾಖಲಾಗಿ ಪ್ರತಿಫಲ ಪಡೆಯಿತು. ಇನ್ನೊಬ್ಬರದು ಪರಿಹಾರವೆಂಬ ಖರ್ಚಾಗಿ ಒಂದೇ ಸಲ ತೀರಿಹೋಯಿತು. ಆ ಪರಿಹಾರವೂ ಎಲ್ಲರಿಗೆ ಸಿಗಲಿಲ್ಲ. ಗೇಣಿದಾರರು ಹೂಡಿದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ, ಆದರೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ನೀರು ಏರಿದ್ದು ಈ ಎರಡರ ನಡುವೆ. ಗೇಯುತ್ತಿದ್ದವನ ಹೆಸರಿನಲ್ಲಿ ಒಡೆತನದ ದಾಖಲೆ ಇಲ್ಲದಿದ್ದಾಗ ನೆಲದ ಬೆಲೆ ಒಡೆಯನ ಪಾಲಾಗುವುದು ಕಾನೂನಿನ ಸಹಜ ಗತಿಯಾಗಿತ್ತು.

ನೆಲದ ಬದಲು ನೆಲ ಸಿಕ್ಕವರ ಸ್ಥಿತಿಯನ್ನೂ ಇದೇ ಶಾಸ್ತ್ರದಿಂದ ಅಳೆಯಬಹುದು. ಅಡಿಕೆ ಸಸಿ ನೆಟ್ಟ ಮೇಲೆ ತೋಟ ಸರಿಯಾಗಿ ಫಸಲಿಗೆ ಬರಲು ಸುಮಾರು ಏಳು ವರ್ಷ ಬೇಕು. ಮುಳುಗಿದ ತೋಟದಷ್ಟೇ ವಿಸ್ತಾರದ, ಅಷ್ಟೇ ಫಲವತ್ತಾದ ಖಾಲಿ ನೆಲವನ್ನು ಕುಟುಂಬವೊಂದಕ್ಕೆ ಕೊಟ್ಟಿದ್ದರೂ, ಅದೇ ಆದಾಯದ ಸಾಲು ಏಳು ವರ್ಷ ಹಿಂದಕ್ಕೆ ಸರಿಯುತ್ತದೆ. ಶೇ 10ರ ದರದಲ್ಲಿ ನೂರು ರೂಪಾಯಿಯ ತೋಟ ಇದರಿಂದ 51 ರೂಪಾಯಿಗೆ ಇಳಿಯುತ್ತದೆ. ಕಾಡು ಕಡಿದು, ಕಾದಿಗೆ ತೋಡಿ, ಗೊಬ್ಬರ ಹೊತ್ತ ಖರ್ಚನ್ನು ಇನ್ನೂ ಕಳೆದಿಲ್ಲ. ಎಕರೆಗೆ ಎಕರೆ ಕೊಟ್ಟ ಸರ್ಕಾರಕ್ಕೆ ಋಣ ತೀರಿತೆಂಬ ಭಾವ ಬರುವುದು ಸಹಜವಾದರೂ, ಕಾಲಕ್ಕೆ ಬೆಲೆಯಿದೆ ಎಂದು ಸಾಲ ಕೊಟ್ಟವನ ವಿಷಯದಲ್ಲಿ ಒಪ್ಪುವ ಲೆಕ್ಕ ತೋಟಗಾರನ ವಿಷಯದಲ್ಲೂ ಅದನ್ನು ಒಪ್ಪಲೇಬೇಕು: ಆ ಕುಟುಂಬದ ಸಂಪತ್ತಿನ ಅರ್ಧ, ಯಾರೂ ಕಸಿಯದೆಯೇ, ಕಾಯುವಿಕೆಯಲ್ಲಿ ಹೋಯಿತು.

ಕೃಷಿಭೂಮಿಗೆ ಆದಾಯದ ಆಧಾರದ ಮೇಲೆ ಪರಿಹಾರ ನಿಗದಿ ಮಾಡುವಾಗ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ವರ್ಷದ ನಿವ್ವಳ ಆದಾಯವನ್ನು ಹತ್ತರಿಂದ ಗುಣಿಸುವ ಕ್ರಮವನ್ನು ಒಪ್ಪಿದೆ. ಹತ್ತರ ಗುಣಕವೆಂದರೆ ಶೇ 10ರ ಬಂಡವಾಳದ ವೆಚ್ಚ, ಮತ್ತು ಎಂದೆಂದಿಗೂ ಏರದ ಆದಾಯ. ದರದ ಬಗ್ಗೆ ತಕರಾರು ಬೇಕಿಲ್ಲ. ಎರಡನೆಯ ಊಹೆಯೇ ದೊಡ್ಡ ಅನ್ಯಾಯ. ಹಣದುಬ್ಬರದೊಂದಿಗೆ ಆದಾಯ ವರ್ಷಕ್ಕೆ ಶೇ 5ರಷ್ಟು ಏರುತ್ತದೆ ಎಂದಿಟ್ಟುಕೊಂಡರೆ ಗುಣಕ 10 ಅಲ್ಲ, 20 ಆಗುತ್ತದೆ, ಏಕೆಂದರೆ ಭಾಗಿಸಬೇಕಾದದ್ದು ದರದಿಂದ ಬೆಳವಣಿಗೆಯನ್ನು ಕಳೆದು ಉಳಿದ ಶೇ 5ರಿಂದ. ಷೇರುಪೇಟೆಯ ಯಾವ ಕಂಪನಿಗೂ ಬೆಳವಣಿಗೆಯೇ ಇಲ್ಲವೆಂದು ಊಹಿಸಿ ಬೆಲೆ ಕಟ್ಟುವ ವಿಶ್ಲೇಷಕ ಸಿಗುವುದಿಲ್ಲ.

ಭೂಸ್ವಾಧೀನದ 2013ರ ಕಾನೂನು ಹಳೆಯದಕ್ಕಿಂತ ಬಹಳ ಮೇಲು. ಅದರಲ್ಲಿ ಪ್ರತಿಫಲವನ್ನು ಕಾಲಕಾಲಕ್ಕೆ ಕೊಡುವ ಯೋಚನೆಯೂ ಇದೆ. ಬಾಧಿತ ಕುಟುಂಬಕ್ಕೆ ಕೆಲಸ, ಇಲ್ಲವೇ ಒಮ್ಮೆಲೇ 5 ಲಕ್ಷ ರೂಪಾಯಿ, ಇಲ್ಲವೇ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದಂತೆ 20 ವರ್ಷ, ಬೆಲೆ ಸೂಚ್ಯಂಕಕ್ಕೆ ತಕ್ಕ ಏರಿಕೆಯೊಂದಿಗೆ, ಎಂಬ ಆಯ್ಕೆಯನ್ನು ಅದು ಕೊಡುತ್ತದೆ. ಕನಿಷ್ಠ ಮೊತ್ತವನ್ನೇ ಹಿಡಿದರೆ 20 ವರ್ಷದ ಕಂತುಗಳು ಇಂದಿನ ಬೆಲೆಯಲ್ಲಿ ಕೂಡಿ 4.8 ಲಕ್ಷ, ಅಂದರೆ ಯಾವ ಡಿಸ್ಕೌಂಟೂ ಇಲ್ಲದೆಯೇ ಒಮ್ಮೆಲೇ ಕೊಡುವ ಮೊತ್ತಕ್ಕಿಂತ ಕಡಿಮೆ, ಹಣದುಬ್ಬರ ಕಳೆದ ಶೇ 4ರ ದರದಲ್ಲಿ ಸುಮಾರು 3.26 ಲಕ್ಷ. ಯೋಚನೆ ಸರಿಯಿದ್ದು ಅಂಕಿ ಸೋತಿದೆ. ಇದಕ್ಕಿಂತ ಹತ್ತಿರದ ದಾರಿಯನ್ನು ಕೇಂದ್ರದ 2008ರ ಜಲವಿದ್ಯುತ್ ನೀತಿ ತೋರಿಸಿತ್ತು: ಯೋಜನೆಯ ವಿದ್ಯುತ್ತಿನಲ್ಲಿ ಶೇ 1ನ್ನು ಸ್ಥಳೀಯ ಪ್ರದೇಶದ ಅಭಿವೃದ್ಧಿಗೆ ಉಚಿತವಾಗಿ ತೆಗೆದಿಡಬೇಕೆಂದು ಅದು ಹೇಳಿತು. ಉತ್ಪಾದನೆಯಲ್ಲೇ ಪಾಲು ಕೊಡುವುದು ಷೇರು ಬಂಡವಾಳಕ್ಕೆ ಹತ್ತಿರವಾದ ಕ್ರಮ. ಬರದಲ್ಲಿ ಕಡಿಮೆ, ಮಳೆಯಲ್ಲಿ ಹೆಚ್ಚು, ಬೆಲೆ ಏರಿದರೆ ಜೊತೆಗೆ ಏರಿಕೆ. ಮೇಲಿನ ಉದಾಹರಣೆಯ 500 ಕೋಟಿ ಯೂನಿಟ್ಟಿನಲ್ಲಿ ಶೇ 1 ಎಂದರೆ ವರ್ಷಕ್ಕೆ 5 ಕೋಟಿ ಯೂನಿಟ್. ಶರಾವತಿ ಆ ನೀತಿಗಿಂತ ನಾಲ್ಕು ದಶಕ ಹಿಂದಿನದು.

ಶರಾವತಿ ಕೊಳ್ಳದಲ್ಲೇ ಮೇಲಿರುವ ತಲಕಳಲೆ ಮತ್ತು ಕೆಳಗಿರುವ ಗೇರುಸೊಪ್ಪೆ ಜಲಾಶಯಗಳ ನಡುವೆ ಕೆಪಿಸಿ ಯೋಜಿಸಿರುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಯಾರ ಬಂಡವಾಳ ಎಷ್ಟು ಎಂಬ ಹಳೆಯ ಪ್ರಶ್ನೆಯನ್ನು ಮತ್ತೆ ಎದುರಿಗೆ ತಂದಿದೆ. ವಿದ್ಯುತ್ತು ಅಗ್ಗವಿದ್ದಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ದುಬಾರಿಯಾದಾಗ ಅದೇ ನೀರನ್ನು ಇಳಿಸಿ ಉತ್ಪಾದಿಸುವ ವ್ಯವಸ್ಥೆ ಇದು. ಎತ್ತಲು ತಗಲುವ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಯಾವಾಗಲೂ ಹೆಚ್ಚು, ಆದ್ದರಿಂದ ಅದರ ಆದಾಯ ಬಹುಮಟ್ಟಿಗೆ ಎರಡು ಹೊತ್ತಿನ ಬೆಲೆಯ ಅಂತರದ ಮೇಲೆ ನಿಂತಿದೆ. ಮಳೆಯ ಅಪಾಯ ಇಲ್ಲಿ ಚಿಕ್ಕದು, ಪೇಟೆಯ ಅಪಾಯ ದೊಡ್ಡದು. ಲಿಂಗನಮಕ್ಕಿಗೆ ಸಲ್ಲುವ ದರ ಇದಕ್ಕೆ ಸಲ್ಲುವುದಿಲ್ಲ. ಇದರ ಪರವಾದ ಮುಖ್ಯ ವಾದವೆಂದರೆ ಎರಡೂ ಜಲಾಶಯಗಳು ಈಗಾಗಲೇ ಇವೆ, ಹೊಸ ಅಣೆಕಟ್ಟಿನ ಖರ್ಚಿಲ್ಲ ಎಂಬುದು. ಆಗಿಹೋದ ಖರ್ಚನ್ನು ಹೊಸ ನಿರ್ಧಾರದಲ್ಲಿ ಎಣಿಸಬಾರದೆಂಬುದು ಶಾಸ್ತ್ರದ ನಿಯಮವೇ ಸರಿ. ಅದೇ ಶಾಸ್ತ್ರ ಇನ್ನೊಂದನ್ನೂ ಹೇಳುತ್ತದೆ: ಕೈಯಲ್ಲಿರುವ ಆಸ್ತಿಗೆ ಬೇರೊಂದು ಉಪಯೋಗವಿದ್ದರೆ, ಆ ಉಪಯೋಗವನ್ನು ಬಿಟ್ಟುಕೊಟ್ಟದ್ದೇ ಅದರ ಇಂದಿನ ವೆಚ್ಚ. ಇದನ್ನು ಅವಕಾಶ ವೆಚ್ಚ ಎನ್ನುತ್ತಾರೆ. ಈ ಯೋಜನೆ ತಾಗುವ, ಶರಾವತಿ ಕೊಳ್ಳದ ಸಿಂಗಳೀಕಗಳ ಕಾಡಿಗೆ ಪೇಟೆ ಬೆಲೆ ಇಲ್ಲವೆಂದು ಅದನ್ನು ಸೊನ್ನೆಯೆಂದು ಬರೆಯುವುದು, ಮತ್ತು ಶೇ 10ರ ದರದಲ್ಲಿ 50 ವರ್ಷ ನಂತರದ ನೂರು ರೂಪಾಯಿ ನಷ್ಟವನ್ನು 85 ಪೈಸೆಯೆಂದು ಕಾಣುವುದು ಲೆಕ್ಕದ ಕೊರತೆಯೇ ಹೊರತು ಕಾಡಿನ ಕೊರತೆಯಲ್ಲ. ಶೇ 4ರ ದರದಲ್ಲಿ ಅದೇ ನಷ್ಟ 14 ರೂಪಾಯಿ. ಮರಳಿ ಬೆಳೆಸಲಾಗದ ಸ್ವತ್ತಿಗೆ ಮತ್ತೆ ಕೊಳ್ಳಬಹುದಾದ ಯಂತ್ರದ ದರವನ್ನು ಹಾಕುವುದನ್ನು ಒಪ್ಪಲಾಗದು.

ಮುಳುಗಡೆಯವರನ್ನು ನೆಲೆಗೊಳಿಸಿದ ಅರಣ್ಯಭೂಮಿ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದು, ಅದನ್ನು ಬಿಡುಗಡೆ ಮಾಡಿ ರಾಜ್ಯ ಹೊರಡಿಸಿದ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲದೆ ಹೋದದ್ದು ಮಲೆನಾಡಿಗೆ ತಿಳಿದ ಸಂಗತಿ. ಇದು ಹಕ್ಕಿನ ಪ್ರಶ್ನೆಯಷ್ಟೇ ಅಲ್ಲ, ಬಂಡವಾಳದ ವೆಚ್ಚದ ಪ್ರಶ್ನೆಯೂ ಹೌದು. ತನ್ನ ಹೆಸರಿನಲ್ಲಿ ಪಹಣಿ ಇರುವ ರೈತನಿಗೆ ಊರಿನ ಸಹಕಾರ ಸಂಘದಲ್ಲಿ ರಾಜ್ಯದ ಯೋಜನೆಯಡಿ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತದೆ, ಅದರ ಮಿತಿಯನ್ನು 2023ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಪಹಣಿ ಇಲ್ಲದವನ ನೆಲವನ್ನು ಬ್ಯಾಂಕು ಅಡವಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಅವನು ಕೈಸಾಲಕ್ಕೆ ಹೋಗಬೇಕು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ 24. ಹೊಳೆಯನ್ನು ಪಡೆದ ಕಂಪನಿಗೆ ಸಾಲ, ಮೇಲೆ ಊಹಿಸಿದಂತೆ, ಶೇ 9ರ ಬಡ್ಡಿಗೆ ಸಿಗುವಾಗ ನೆಲವನ್ನು ಕೊಟ್ಟ ಕುಟುಂಬ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಕೊಡಬೇಕಾಗಿದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿ ಉಳಿಸುವ ಅಡಿಕೆ ತೋಟ ಶೇ 10ರ ದರದಲ್ಲಿ 10 ಲಕ್ಷದ ಆಸ್ತಿ. ಬೇಲಿಯಾಚೆಯ ಅಂಥದೇ ತೋಟ, ಒಂದು ದಾಖಲೆಯ ಕೊರತೆಯಿಂದ ಶೇ 24ರ ದರಕ್ಕೆ ಬಿದ್ದಾಗ, 4.17 ಲಕ್ಷದ ಆಸ್ತಿ.